ತಾಟು ಹಿಡಿದ ಹುಡುಗನ ಚಿತ್ರ

“ಈ ಸಲ ಯಾರೂ ಫಾಲ್ಸ್ ಚಿತ್ರ ಕಳಸಬ್ಯಾಡ್ರಿ. ಹಿಡಕಲ್ ಡ್ಯಾಮಿನ ಹಿಂದ ಸೂರ್ಯಾ ಮುಳಗೂದನ್ನೂ ನೋಡಿ ನೋಡಿ ಸಾಕಾಗೇತಿ.”

ಹುಕ್ಕೇರಿಯ ಹವ್ಯಾಸಿ ಛಾಯಾಗ್ರಾಹಕರ ಬಳಗದ ಕಾರ್ಯದರ್ಶಿಗಳು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೀಗೊಂದು ಧ್ವನಿ ಸಂದೇಶ ಹಾಕಿದಾಗ, ಅದು ನನಗೊಬ್ಬನಿಗೇ ಹೇಳಿದ್ದು ಅನ್ನಿಸಿತು. ಹಿಂದಿನ ಸ್ಪರ್ಧೆಗಳಿಗೆ ನಾನು ಕಳಿಸಿದ್ದು ಅವೇ ಎರಡು. ಗೋಕಾಕದಲ್ಲಿ ಮನೆ ಇದ್ದವನ ಕೈಗೆ ಒಳ್ಳೆಯ ಕ್ಯಾಮೆರಾದ ಫೋನು ಬಂದರೆ ಅವನು ಮೊದಲು ಓಡುವುದು ಫಾಲ್ಸ್ ಕಡೆಗೆ. ಅಲ್ಲಿ ನನ್ನಂಥವರು ಸಾಲಾಗಿ ನಿಂತಿರುತ್ತಾರೆ, ಎಲ್ಲರಿಗೂ ಒಂದೇ ಚಿತ್ರ ಸಿಗುತ್ತದೆ. ಒಂದು ಸಮಾಧಾನಕರ ಬಹುಮಾನವೂ ನನಗೆ ಬಂದಿರಲಿಲ್ಲ. ಈ ಸಲದ ವಿಷಯ ಮಕ್ಕಳು ಎಂದರು. ಈ ಸಲ ಬಿಡಬಾರದು ಎಂದು ನಾನು ಹಟಕ್ಕೆ ಬಿದ್ದೆ.

ಆಗ ಮೂಡಲಗಿ ತಾಲೂಕಿನ ಹಳ್ಳಿಗಳಲ್ಲಿ ಕಾಲುಬಾಯಿ ಜ್ವರದ ಲಸಿಕೆ ನಡೆದಿತ್ತು. ನಾನು ಪಶು ಆಸ್ಪತ್ರೆಯ ಪರೀಕ್ಷಕ, ಡಾಕ್ಟರ್ ಅಲ್ಲ. ಆದರೆ ಊರವರ ಬಾಯಲ್ಲಿ ನಾನು ‘ದನದ ಡಾಕ್ಟರ್’. ಬೆಳಗ್ಗೆ ಐಸ್ ಬಾಕ್ಸಿನಲ್ಲಿ ಲಸಿಕೆಯ ಬಾಟಲಿ ತುಂಬಿಕೊಂಡು ಬೈಕಿಗೆ ಕಟ್ಟಿ ಹೊರಟರೆ ಬಿಸಿಲೇರುವುದರೊಳಗೆ ಒಂದು ಓಣಿ ಮುಗಿಸಬೇಕು. ತಡವಾದರೆ ಐಸ್ ಕರಗುತ್ತದೆ, ದನಗಳು ಮೇಯಲು ಹೋಗಿಬಿಡುತ್ತವೆ. ಒಬ್ಬರು ಹಗ್ಗ ಬಿಗಿಹಿಡಿಯಬೇಕು, ನಾನು ಕುತ್ತಿಗೆಗೆ ಸೂಜಿ ಚುಚ್ಚಬೇಕು, ಆಮೇಲೆ ಕಿವಿಯೋಲೆಯ ನಂಬರು ನೋಡಬೇಕು. ಹಳದಿ ಪ್ಲಾಸ್ಟಿಕ್ಕಿನ ಆ ಓಲೆಯ ಮೇಲೆ ಸಗಣಿ ಮೆತ್ತಿರುತ್ತದೆ. ಅದನ್ನು ಒರೆಸಿ, ಫೋನಿನಲ್ಲಿ ಒಂದು ಫೋಟೋ ಹೊಡೆದುಕೊಂಡು, ಮನೆಗೆ ಹೋದ ಮೇಲೆ ನಂಬರುಗಳನ್ನು ಆ್ಯಪಿಗೆ ಏರಿಸುವುದು ನನ್ನ ರೂಢಿ. ಹೀಗಾಗಿ ನಾನು ಯಾರ ಹಿತ್ತಲಲ್ಲಿ ಫೋನು ಎತ್ತಿ ಹಿಡಿದರೂ ಯಾರೂ ಯಾಕೆ ಎಂದು ಕೇಳುವುದಿಲ್ಲ. ಮುಂದೆ ಆದ ಎಲ್ಲದಕ್ಕೂ ಈ ಸಲಿಗೆಯೇ ದಾರಿಯಾಯಿತು.

ತುಕ್ಕಾನಟ್ಟಿಯ ಆಚೆಗಿನ ಒಂದು ಊರಲ್ಲಿ ಒಂದು ಮನೆ. ಹಿತ್ತಲ ತುಂಬ ಎಮ್ಮೆ, ಆಕಳು. ಅಜ್ಜನೊಬ್ಬ ಹಗ್ಗ ಹಿಡಿದಿದ್ದ. ತಿಪ್ಪೆಯ ಬಾಜೂ ಕೆಂಪು ಟ್ರ್ಯಾಕ್ಟರು ನಿಂತಿತ್ತು. ಅದರ ದೊಡ್ಡ ಗಾಲಿಗೆ ಆತುಕೊಂಡು ಸುಮಾರು ನಾಲ್ಕು ವರ್ಷದ ಹುಡುಗನೊಬ್ಬ ಸ್ಟೀಲಿನ ತಾಟೊಂದನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದ. ಬಾಯಲ್ಲಿ ‘ಡುರ್ರ್’ ಸದ್ದು. ತಾಟು ಅವನ ಸ್ಟೇರಿಂಗು. ಮೈಮೇಲೆ ಹತ್ತು ಬಣ್ಣದ ತುಂಡು ಬಟ್ಟೆ ಕೂಡಿಸಿ ಹೊಲಿದ, ಕೌದಿಯಂಥ ಅಂಗಿ. ಕೆನ್ನೆಯ ಮೇಲೆ ಕಾಡಿಗೆಯ ದೊಡ್ಡ ಬೊಟ್ಟು. ಕತ್ತರಿ ಕಾಣದ ಕೂದಲು. ಮೂಗಿನಲ್ಲಿ ಸಣ್ಣದೊಂದು ಚಿನ್ನದ ಮೂಗುಬೊಟ್ಟು.

ನಾನು ನೋಡಿದ್ದೇ ತಡ ಅವನ ಗಾಡಿ ನಿಂತಿತು. ತಾಟನ್ನು ಎದೆಗವಚಿಕೊಂಡು, ‘ಡುರ್ರ್’ ಅನ್ನುತ್ತಿದ್ದ ತುಟಿಯನ್ನು ಹಾಗೇ ಮುಂದೆ ಮಾಡಿಕೊಂಡು, ನನ್ನನ್ನೇ ನೆಟ್ಟಗೆ ನೋಡಿದ. ಇಂಥ ಕಣ್ಣು ನಾನು ಕಂಡಿರಲಿಲ್ಲ. ಎಮ್ಮೆಯ ಕಿವಿಯ ಕಡೆ ಹಿಡಿದಿದ್ದ ಫೋನನ್ನು ಒಂದಿಷ್ಟು ಹೊರಳಿಸಿ ಹೊಡೆದೆ. ಅಜ್ಜನಿಗೆ ತಿಳಿಯಲಿಲ್ಲ. ಹುಡುಗನ ತಾಯಿ ಒಳಗಿದ್ದರು. ನಾನು ಮುಂದಿನ ಎಮ್ಮೆಗೆ ಹೋದೆ.

ಮನೆಯಲ್ಲಿ ಚಿತ್ರ ತೆರೆದು ನೋಡಿದಾಗ, ಚೆನ್ನಾಗಿತ್ತು, ಆದರೆ ಏನೋ ಸಾಲದು ಅನ್ನಿಸಿತು. ಟ್ರ್ಯಾಕ್ಟರು ಅಡ್ಡ ಬಂದಿತ್ತು. ಅದನ್ನು ಕತ್ತರಿಸಿದೆ. ಕತ್ತರಿಸಿದ ಕೂಡಲೇ ತಾಟಿನ ಅರ್ಥವೇ ಬದಲಾಗಿಬಿಟ್ಟಿತು. ಸ್ಟೇರಿಂಗು ಹೋಗಿ ಊಟವಿಲ್ಲದ ತಾಟಾಯಿತು. ಮುಂದೆ ಮಾಡಿದ ತುಟಿ ಅಳುವ ತುಟಿಯಾಯಿತು. ನನಗೆ ರೋಮಾಂಚನವಾಯಿತು ಎಂದು ಈಗ ಬರೆಯಲು ನಾಚಿಕೆ, ಆದರೆ ಆದದ್ದು ಅದೇ. ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿದೆ. ತಾಯಿ ಕೂತು ಹೊಲಿದ ಹತ್ತು ಬಣ್ಣದ ಅಂಗಿ ಚಿಂದಿಯಾಗಿ ಕಂಡಿತು, ಕಾಡಿಗೆಯ ಬೊಟ್ಟು ಮಸಿಯಾಗಿ ಕಂಡಿತು.

ಕಳಿಸಿದ ಮೊದಲ ಪ್ರತಿ ವಾಪಸು ಬಂತು. ಬಹಳ ಕತ್ತರಿಸಿದ್ದರಿಂದ ಚಿತ್ರ ಸಣ್ಣದಾಗಿದೆ, ದೊಡ್ಡದಾಗಿ ಪ್ರಿಂಟ್ ಮಾಡಿದರೆ ಒಡೆಯುತ್ತದೆ ಎಂದರು. ಮತ್ತೆ ಕೂತೆ. ಸ್ವಲ್ಪ ಅಗಲ ಬಿಟ್ಟರೆ ಮೂಲೆಯಲ್ಲಿ ಗಾಲಿಯ ಮಡ್‌ಗಾರ್ಡ್ ಇಣುಕುತ್ತಿತ್ತು. ಬೆಳಕು ಹೆಚ್ಚು ಕಡಿಮೆ ಮಾಡಬಹುದು, ವಸ್ತುವನ್ನು ಸೇರಿಸುವುದಾಗಲಿ ತೆಗೆಯುವುದಾಗಲಿ ಕೂಡದು ಎಂದು ನಿಯಮವಿತ್ತು. ನಾನು ಆ ಮೂಲೆಯನ್ನು ಕತ್ತಲು ಮಾಡಿದೆ. ಇದು ಬೆಳಕಿನ ಕೆಲಸವೇ ತಾನೇ ಎಂದು ನನಗೆ ನಾನೇ ಹೇಳಿಕೊಂಡೆ.

ಇನ್ನು ಉಳಿದದ್ದು ಮೂಗುಬೊಟ್ಟು. ಹಸಿದ ಹುಡುಗನ ಮೂಗಿನಲ್ಲಿ ಚಿನ್ನ ಹೊಳೆದರೆ ಯಾರು ನಂಬುತ್ತಾರೆ? ಅದಕ್ಕೆ ಬೆಳಕಿನ ನೆಪವೂ ಸಿಗಲಿಲ್ಲ. ಕಲೆ ಅಳಿಸುವ ಒಂದು ಸಲಕರಣೆ ಆ್ಯಪಿನಲ್ಲೇ ಇದೆ. ಬೆರಳಿನಿಂದ ಒಮ್ಮೆ ಸವರಿದೆ, ಹೋಯಿತು. ಕೆಳಗೆ ಶೀರ್ಷಿಕೆ ಬರೆದೆ: ‘ಖಾಲಿ ತಾಟು’. ಪಾಲಕರ ಒಪ್ಪಿಗೆ ಪಡೆಯಲಾಗಿದೆ ಎಂಬಲ್ಲಿ ಗುರುತು ಹಾಕಿ ಕಳಿಸಿದೆ.

ಮೊದಲ ಬಹುಮಾನ ಬಂತು. ಕಾರ್ಯದರ್ಶಿಗಳು ಚಿತ್ರವನ್ನು ಗುಂಪಿಗೆ ಹಾಕಿದರು, ಅಲ್ಲಿಂದ ಅದು ಎಲ್ಲೆಲ್ಲಿಗೋ ಹೋಯಿತು. ನಾನು ಆಸ್ಪತ್ರೆಯಲ್ಲಿ ಕರದಂಟು ಹಂಚಿದೆ. ಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವನಿಗೆ ಫೋನು ತೋರಿಸಿದರೆ, “ಪಾಪ, ಯಾರ ಕೂಸೋ ಏನೋ, ಉಂಡಿಲ್ಲ ಕಾಣತೈತಿ” ಎಂದು ಕಣ್ಣೊರೆಸಿಕೊಂಡಳು. ನನ್ನ ಅವ್ವನನ್ನೇ ಅಳಿಸಿದ ಚಿತ್ರ ಎಂದು ಬೀಗಿದೆ. 

ಮರುದಿನ ಕಾರ್ಯದರ್ಶಿಗಳ ಫೋನು. “ಸರ್, ಮಂದಿ ಮನಸ ಕರಗಿ ಹೋಗೇತಿ. ನಮ್ಮ ಸದಸ್ಯರೆಲ್ಲಾ ಕೂಡಿ ಹುಡುಗನಿಗೆ ಹೊಸಾ ಅರಬಿ, ಮನಿಗೆ ಅಕ್ಕಿ ಬ್ಯಾಳಿ ಕೊಡೂದಂತ ಮಾಡೇವಿ. ಬಹುಮಾನದ ದಿನ ಸ್ಟೇಜ್ ಮ್ಯಾಲ ತಾಯಿ ಕೈಯಾಗ ಕೊಡೂದು. ವಿಳಾಸ ಕೊಡ್ರಿ.”

ಹೊಸ ಬಟ್ಟೆ, ಅಕ್ಕಿ, ಸ್ಟೇಜು, ಇದನ್ನು ನಾನು ಎಣಿಸಿರಲಿಲ್ಲ. ಊರಿನ ಹೆಸರು ಸರಿಯಾಗಿ ನೆನಪಿಲ್ಲ, ವಿಚಾರಿಸಿ ಹೇಳುತ್ತೇನೆ ಎಂದೆ. ಸಾಕಿದ ಪ್ರತಿ ಎಮ್ಮೆಯ ಓಲೆ ನಂಬರು ನನ್ನ ಫೋನಿನಲ್ಲಿದ್ದ ಮನೆ ಅದು.

ಆ ಮನೆಗೆ ನಾನಾಗಿ ಹೋಗಬೇಕಾಗಲಿಲ್ಲ. ಅದೇ ವಾರ ಆ ಅಜ್ಜನೇ ಫೋನು ಮಾಡಿ, ಎಮ್ಮೆ ಮೇವು ಬಿಟ್ಟಿದೆ, ಬನ್ನಿ ಎಂದ. ಹೋದೆ. ಎಮ್ಮೆಗೆ ಜ್ವರವಿತ್ತು. ಉಷ್ಣ ನೋಡಿ, ನಮ್ಮ ಡಾಕ್ಟರರಿಗೆ ಫೋನು ಹಚ್ಚಿ, ಅವರು ಹೇಳಿದ ಸೂಜಿ ಮಾಡಿ ಕೈ ತೊಳೆಯುತ್ತಿದ್ದಾಗ ಹುಡುಗನ ತಾಯಿ ಹೊರಗೆ ಬಂದರು. ಕೈಯಲ್ಲಿ ಫೋನಿತ್ತು. ಡೇರಿಗೆ ಹಾಲು ಹಾಕಲು ಹೋದಾಗ ಯಾರೋ ತೋರಿಸಿ ಕಳಿಸಿಕೊಟ್ಟಿದ್ದರಂತೆ.

“ಇದ ನಮ್ಮ ತಿಪ್ಯಾ ಅಲ್ರಿ ಡಾಕ್ಟರ್ರ?”

“ಹೌದ್ರಿ ಅಕ್ಕಾರ,” ಅಂದೆ. ಟವೆಲ್ಲಿನಿಂದ ಒಣಗಿದ ಕೈಯನ್ನೇ ಮತ್ತೆ ಒರೆಸಿಕೊಂಡೆ.

“ಅವನ ಮೂಗಬಟ್ಟ ಎಲ್ಲಿ ಹೋತ್ರಿ?”

ಅವರು ಬೈಯುತ್ತಾರೆ, ಚಿಂದಿ ಯಾಕೆ ತೋರಿಸಿದಿರಿ ಎನ್ನುತ್ತಾರೆ ಎಂದು ಕಾದಿದ್ದೆ. ಬಿಸಿಲು ಜೋರಿತ್ತು, ಬೆಳಕಿಗೆ ಕಂಡಿಲ್ಲ ಎಂದು ಏನೋ ಹೇಳಿದೆ.

ಅವರು ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ಮೂಗು ನೋಡಿದರು. “ಬೆಳಕಿನ್ಯಾಗ ಅದ ಮೊದಲ ಕಾಣಸೂದ್ರಿ,” ಅಂದರು. ಸಿಟ್ಟಿನ ದನಿಯಲ್ಲ. ಹೆದರಿದ ದನಿ. “ಇವಂಗಿಂತ ಮೊದಲ ಎರಡ ಗಂಡ ಕೂಸು ಮಣ್ಣಿಗೆ ಕೊಟ್ಟೇನ್ರಿ. ಇವ ಹುಟ್ಟಿದ ಕೂಡ್ಲೆ, ಯಾರಿಗೂ ಬ್ಯಾಡಾದ ಕೂಸಂತ ಸಾವು ಬಿಟ್ಟ ಹೋಗ್ಲಿ ಅಂತ, ತಿಪ್ಪಿ ಮ್ಯಾಲ ಉಳ್ಳಾಡಿಸಿ, ಮೂಗ ಚುಚ್ಚಿಸಿ, ತಿಪ್ಯಾ ಅಂತ ಕರದೇವಿ. ಐದ ತುಂಬೂತನಕ ಹೊಸಾ ಅರಬಿ ಹಾಕಂಗಿಲ್ಲ. ಮನಿಮನಿಗೆ ಹೋಗಿ ಬೇಡಿ ತಂದ ಅರಬಿನ ಹೊಲದ ಹಾಕತೇನಿ. ಒಂದ ಫೋಟೋ ತಗಸಿಲ್ರಿ. ಯಾರ ಕಣ್ಣಿಗೂ ಬೀಳಬಾರದಂತ ಇಟ್ಟ ಕೂಸದು. ನೀವು ಊರ ಮಂದಿ ಮುಂದ ಇಟ್ರಿ. ಅದೂ ಮೂಗಬಟ್ಟ ತಗದು.”

ಅಜ್ಜ ಎಮ್ಮೆಯ ಬೆನ್ನು ಸವರುತ್ತ ಕೇಳಿದ: “ಖಾಲಿ ತಾಟು ಅಂತ ಬರದೀರಂತ. ನಮ್ಮ ಮನ್ಯಾಗ ಖಾಲಿ ತಾಟು ಎಲ್ಲಿ ಕಂಡ್ರಿ ಡಾಕ್ಟರ್ರ?”

ಎಲ್ಲಿ ಕಂಡೆ? ನನ್ನೆದುರೇ ಕೆಂಪು ಟ್ರ್ಯಾಕ್ಟರು ನಿಂತಿತ್ತು. 

“ಅದನ್ನ ತಗಸ್ರಿ,” ಅಂದರು ತಾಯಿ. “ಮತ್ತೇನೂ ಬ್ಯಾಡ ನಮಗ.” ಇಷ್ಟಾದ ಮೇಲೂ ಒಳಗೆ ಹೋಗಿ ಚಹಾ ತಂದು ಕೊಟ್ಟರು. ಹಿತ್ತಲಿಗೆ ಬಂದ ದನದ ಡಾಕ್ಟರನ್ನು ಬರಿಗೈಯಲ್ಲಿ ಕಳಿಸುವ ಮನೆಯಲ್ಲ ಅದು. ಆ ಚಹಾ ಕುಡಿದೆ.

ಗೋಕಾಕಕ್ಕೆ ಬಂದವನೇ ಅವ್ವನ ಮುಂದೆ ಕತ್ತರಿಸದ ಮೂಲ ಚಿತ್ರ ತೆರೆದಿಟ್ಟೆ. ಅವ್ವ ಒಂದು ಕ್ಷಣವೂ ತಡೆಯಲಿಲ್ಲ. “ಅಯ್ಯ, ಇದು ಬೇಡಿ ಉಳಿಸಿಕೊಂಡ ಕೂಸ ಅಲ್ಲೇನೋ! ಅರಬಿ ನೋಡು, ಮೂಗ ನೋಡು. ಮೊನ್ನೆ ಇದನ್ನ ತೋರಿಸಿದ್ದಿ? ಖರೇನ?” ಆಮೇಲೆ ನನ್ನ ಮುಖ ನೋಡಿ, “ನಿನಗ ಗೊತ್ತಾಗಲಿಲ್ಲೇನೋ? ನೀನೂ ತಿಪ್ಪಿ ಮ್ಯಾಲ ಉಳ್ಳಾಡಿದಾಂವ,” ಅಂದಳು.

ನನ್ನ ಮೂಗಿನ ಎಡಗಡೆ ಒಂದು ಸಣ್ಣ ತೂತಿನ ಗುರುತಿದೆ. ಕಾಲೇಜಿನಲ್ಲಿ ಗೆಳೆಯರು ಕೇಳಿದಾಗ ಸಿಡುಬಿನ ಕಲೆ ಎಂದಿದ್ದೆ, ಹೆಂಡತಿಗೂ ಎಷ್ಟೋ ದಿನ ಹಾಗೇ ಹೇಳಿದ್ದೆ. ನನಗೆ ಗೊತ್ತಾಗಲಿಲ್ಲವೇ? ನಿಜ ಹೇಳಬೇಕೆಂದರೆ, ಆ ಹಿತ್ತಲಲ್ಲಿ ಹುಡುಗನ ಮೂಗು ಕಂಡ ಕೂಡಲೇ ಗೊತ್ತಾಗಿತ್ತು. ಗೊತ್ತಾದದ್ದನ್ನು ಆ ಕ್ಷಣವೇ ಪಕ್ಕಕ್ಕೆ ಸರಿಸಿದೆ. ಗೊತ್ತಿಲ್ಲದೆ ಮಾಡಿದ್ದರೆ ಇವತ್ತು ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಆದರೂ ಮೊದಲು ಸುಲಭದ ದಾರಿಯನ್ನೇ ಹಿಡಿದೆ. ಮನೆಯವರಿಗೆ ಇಷ್ಟವಿಲ್ಲವಂತೆ, ಚಿತ್ರ ಕೈಬಿಡಿ ಎಂದು ಕಾರ್ಯದರ್ಶಿಗಳಿಗೆ ಸಂದೇಶ ಕಳಿಸಿದೆ. ಯಾಕೆ ಎನ್ನುವುದನ್ನು ಬರೆಯಲಿಲ್ಲ. ಅವರು ಫೋನು ಮಾಡಿದರು.

“ನಾಚಿಕೊಳ್ಳಾಕತ್ತಾರ ಸರ್. ಬಡವರ ಸ್ವಾಭಿಮಾನ ಹಂಗ ಇರತೈತಿ. ನೀವೇನೂ ಚಿಂತಿ ಮಾಡಬ್ಯಾಡ್ರಿ, ನಾವ ಹೋಗಿ ಒಪ್ಪಿಸಿ ಕರಕೊಂಡ ಬರತೇವಿ. ಹುಡುಗನ ಅರಬಿನೂ ತಂದಾಗೇತಿ. ಆ ಊರ ಕಡೆಯವರೊಬ್ಬರು ಮನಿ ಗುರ್ತ ಹಿಡದಾರ.”

ಅಕ್ಕಿಯ ಚೀಲ ಹೊತ್ತುಕೊಂಡು ಜನ ಆ ಹಿತ್ತಲಿಗೆ ಹೋಗುತ್ತಾರೆ. ಟ್ರ್ಯಾಕ್ಟರಿನ ಬಾಜೂ ನಿಂತು ಆ ಅಜ್ಜ ಅದನ್ನು ನೋಡಬೇಕು. ಐದು ತುಂಬುವವರೆಗೆ ಹೊಸ ಬಟ್ಟೆ ಸೋಕಬಾರದೆಂದು ಕಾದಿಟ್ಟ ಹುಡುಗನ ಮೈಗೆ ಯಾರೋ ಪ್ರೀತಿಯಿಂದಲೇ ಹೊಸ ಅಂಗಿ ತೊಡಿಸಿ ಫೋಟೋ ಹೊಡೆಯುತ್ತಾರೆ. ಆಮೇಲೆ ಅವನಿಗೊಂದು ಸಣ್ಣ ಜ್ವರ ಬಂದರೂ ಆ ತಾಯಿ ಬದುಕಿದ್ದೂ ಸತ್ತಂತೆ. ಇದರಲ್ಲಿ ನಿಜವೆಷ್ಟು, ನಂಬಿಕೆಯೆಷ್ಟು ಎಂದು ವಾದ ಮಾಡುವವರು ಮಾಡಲಿ. ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟವಳ ಮುಂದೆ ಆ ವಾದ ಮಾಡುವ ಮುಖ ನನಗಿರಲಿಲ್ಲ.

“ನೀವು ಹೋಗಬ್ಯಾಡ್ರಿ. ನಾನ ಹುಕ್ಕೇರಿಗೆ ಬರಾಕತ್ತೇನಿ,” ಎಂದೆ. ರಜೆ ಬರೆದುಕೊಟ್ಟು ಬಸ್ಸು ಹತ್ತಿದೆ.

ಸಭಾಭವನದಲ್ಲಿ ಚಿತ್ರಗಳನ್ನು ಗೋಡೆಗೆ ತೂಗುಹಾಕುವ ಕೆಲಸ ನಡೆದಿತ್ತು. ನನ್ನದು ಬಾಗಿಲಿಗೆ ಎದುರಾಗಿ, ಎಲ್ಲಕ್ಕಿಂತ ದೊಡ್ಡದಾಗಿ. ಅಷ್ಟು ದೊಡ್ಡ ಅಳತೆಯಲ್ಲಿ ಹುಡುಗನ ಮೂಗಿನ ಮೇಲೆ ನಾನು ಸವರಿದ ಜಾಗ ನನಗೆ ದೂರದಿಂದಲೇ ಕಂಡಿತು. ಬೇರೆ ಯಾರಿಗೂ ಕಾಣದಷ್ಟು ನಾಜೂಕು ಕೆಲಸ. ಕಾರ್ಯದರ್ಶಿಗಳು ನಗುತ್ತ ಬಂದು ಕೈಕುಲುಕಿದರು. ನಾನು ಫೋನಿನಲ್ಲಿ ಮೂಲ ಚಿತ್ರ ತೆರೆದು ಅವರ ಕೈಗೆ ಕೊಟ್ಟೆ.

ಅವರು ಮೊದಲು ನಕ್ಕರು. “ಏ, ಟ್ರ್ಯಾಕ್ಟರ್ ಹೊಡ್ಯಾಕತ್ತಾನ್ರಿ ಇಂವ!” ಆಮೇಲೆ ಗೋಡೆಯನ್ನೂ ಫೋನನ್ನೂ ನೋಡುತ್ತ ನೋಡುತ್ತ ನಗು ನಿಂತಿತು.

“ಮೂಗಿನ್ಯಾಗ ಇದೇನ್ರಿ?”

“ಮೂಗಬಟ್ಟರಿ. ನಾನ ಅಳಸೇನಿ.”

“ಪಾಲಕರ ಒಪ್ಪಿಗಿ?”

“ಕೇಳಿಲ್ರಿ. ಸುಳ್ಳ ಗುರ್ತ ಹಾಕೇನಿ.”

ಅವರು ನನ್ನ ಮೇಲೆ ಕೂಗಾಡಿದ್ದರೆ ಹಗುರಾಗುತ್ತಿತ್ತೇನೋ. ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಇದನ್ನ ನೋಡಿ ನಮ್ಮ ಮನ್ಯಾಗ ಎಲ್ಲಾರೂ ಅತ್ತಾರ್ರಿ,” ಅಂದರು. ಬಳಗದ ಇನ್ನಿಬ್ಬರು ಹಿರಿಯರನ್ನು ಕರೆದು ವಿಷಯ ತಿಳಿಸಿದರು. ಬಹುಮಾನ ಹಿಂದಕ್ಕೆ ಹೋಯಿತು. ಇನ್ನು ಮುಂದೆ ನನ್ನ ಚಿತ್ರ ತೆಗೆದುಕೊಳ್ಳುವುದಿಲ್ಲ ಎಂದರು. ತಲೆಯಾಡಿಸಿದೆ.

“ಗುಂಪಿನ್ಯಾಗ ನೀವ ಹೇಳಬೇಕು. ನಾ ಹೇಳಂಗಿಲ್ಲ,” ಅಂದರು ಕಾರ್ಯದರ್ಶಿಗಳು.

ಅಲ್ಲೇ, ಸುತ್ತಿಗೆಯ ಸದ್ದಿನ ನಡುವೆ, ಫೋನನ್ನು ಬಾಯಿಗೆ ಹಿಡಿದು ಹೇಳಿದೆ. ಇದು ಹಸಿದ ಹುಡುಗನ ಚಿತ್ರವಲ್ಲ, ಟ್ರ್ಯಾಕ್ಟರ್ ಆಡುತ್ತಿದ್ದ ಹುಡುಗನದು. ನಾನು ಕತ್ತರಿಸಿ, ಅಳಿಸಿ, ಸುಳ್ಳು ಹೇಳಿ ಕಳಿಸಿದ್ದೇನೆ. ಮನೆಯವರನ್ನು ಕೇಳಿಲ್ಲ. ದಯಮಾಡಿ ಎಲ್ಲರೂ ಅಳಿಸಿರಿ, ಯಾರಿಗೆ ಕಳಿಸಿದ್ದೀರೋ ಅವರಿಗೂ ಹೇಳಿರಿ. ಕೆಲವರು ಅಳಿಸಿದೆವು ಎಂದರು. ಕೆಲವರು ಬಾಯಿಗೆ ಬಂದದ್ದು ಬರೆದರು. ಹೊರಗೆ ಹೋದ ಪ್ರತಿಗಳು ಇನ್ನೂ ಯಾರ ಯಾರ ಫೋನಿನಲ್ಲಿವೆಯೋ ನನಗೆ ಗೊತ್ತಿಲ್ಲ. ಅದು ಈಗಲೂ ನಿದ್ದೆಗೆಡಿಸುತ್ತದೆ.

ಗೋಡೆಯಿಂದ ಇಳಿಸಿದ ಚಿತ್ರವನ್ನು ಕೇಳಿ ಪಡೆದುಕೊಂಡೆ. ಬಸ್ಸಿನಲ್ಲಿ ಅದರ ಮುಖವನ್ನು ನನ್ನ ಎದೆಯ ಕಡೆಗೆ ಮಾಡಿ ಹಿಡಿದು ಕೂತೆ. ಬಾಜೂದವರು “ಯಾವ ದೇವರ ಫೋಟೋರಿ?” ಎಂದು ಕೇಳಿದರು. 

ಮರುದಿನ ಬೆಳಗ್ಗೆ ಎಮ್ಮೆಯನ್ನು ನೋಡುವುದಿತ್ತು. ಜ್ವರ ಇಳಿದಿತ್ತು, ಮೇವಿಗೆ ಬಾಯಿ ಹಾಕಿತ್ತು. ಹಾಸಿಗೆ ಹೊದಿಕೆಯಲ್ಲಿ ಸುತ್ತಿದ್ದ ಚಿತ್ರವನ್ನು ಬೈಕಿನಿಂದ ಬಿಚ್ಚಿ ಕಟ್ಟೆಗೆ ಒರಗಿಸಿ, ಆದದ್ದೆಲ್ಲವನ್ನೂ ತಾಯಿಗೆ ಹೇಳಿದೆ. ಬೆಳಕಿನ ಮಾತು ಸುಳ್ಳು, ಮೂಗುಬೊಟ್ಟು ನಾನೇ ಅಳಿಸಿದ್ದು ಎಂದೂ ಹೇಳಿದೆ. ಎಲ್ಲ ಪ್ರತಿಗಳನ್ನು ಹಿಂದಕ್ಕೆ ತರಲಾಗಲಿಲ್ಲ ಎಂದೂ ಹೇಳಿದೆ. ಅವರು ಹೊದಿಕೆ ಸರಿಸಿ ನೋಡಲಿಲ್ಲ.

“ಇದನ್ನ ಏನ್ ಮಾಡ್ಲಿ ಅಕ್ಕಾರ? ಸುಟ್ಟಬಿಡ್ಲೇನ್ರಿ?”

“ಅಯ್ಯ!” ಎಂದು ಅವರು ಬೆಚ್ಚಿಬಿದ್ದರು. “ಕೂಸಿನ ಚಿತ್ರ ಯಾರರ ಸುಡತಾರೇನ್ರಿ? ಹರಿಯೂದೂ ಬ್ಯಾಡ, ನೀರಿಗೆ ಬಿಡೂದೂ ಬ್ಯಾಡ. ನಿಮ್ಮ ಮನ್ಯಾಗ ಮಾರಿ ಗ್ವಾಡಿ ಕಡೆ ಮಾಡಿ ಇಟ್ಟಬಿಡ್ರಿ. ಅದು ಇನ್ನ ನೀವ ಕಾಯಬೇಕು.”

ಆಗಲಿ ಎಂದೆ. ಹೊರಡಬೇಕಿತ್ತು, ಆದರೆ ನಿಂತೆ. “ಅಕ್ಕಾರ, ನನ್ನ ಮೂಗೂ ಚುಚ್ಚಿಸಿದ್ರು. ನನಗಿಂತ ಮೊದಲ ಹುಟ್ಟಿದವರು ಉಳಿಲಿಲ್ಲಂತ. ನಮ್ಮವ್ವನೂ ಬೇಡಿ ತಂದ ಅರಬಿನ ಹಾಕತಿದ್ಳು. ಎಲ್ಲಾ ಗೊತ್ತಿದ್ದೂ ಮಾಡೇನಿ,” ಅಂದೆ. ಕ್ಷಮಿಸಿ ಎನ್ನುವ ಮಾತು ಬಾಯಿಗೆ ಬಂದರೂ ತೀರ ಅಗ್ಗದ್ದು ಅನ್ನಿಸಿ ನುಂಗಿದೆ.

ಅವರು ಹತ್ತಿರ ಬಂದು ನನ್ನ ಮೂಗನ್ನೇ ನೋಡಿದರು.

“ಹಂಗಾರ ನೀವು ಉಳದವರು,” ಅಂದರು. ಆಮೇಲೆ, ಟ್ರ್ಯಾಕ್ಟರು, ಎಮ್ಮೆಗಳು, ಅಜ್ಜ ಎಲ್ಲರ ಎದುರಿಗೆ, ಸೆರಗಿನ ಎರಡೂ ತುದಿ ಹಿಡಿದು ನನ್ನ ಮುಂದೆ ಒಡ್ಡಿದರು. “ಅಣ್ಣಾರ, ನಿಮ್ಮ ಮೈಮ್ಯಾಲಿನ ಒಂದ ಹಳೀ ಅರಬಿ ಹಾಕ್ರಿ. ನನ್ನ ಕೂಸಿಗೆ ಬೇಡಾಕತ್ತೇನಿ.”

ನಾನು ಆ ಮನೆಯನ್ನು ಬೇಡುವ ಮನೆ ಎಂದು ಊರಿಗೆಲ್ಲ ಸಾರಿದ್ದೆ. ಈಗ ಆ ಮನೆಯ ಸೊಸೆ ನನ್ನೆದುರು ನಿಜಕ್ಕೂ ಸೆರಗೊಡ್ಡಿ ನಿಂತಿದ್ದರು. ಅವರ ತಲೆ ನೆಟ್ಟಗಿತ್ತು. ನನಗೆ ಕತ್ತು ಎತ್ತಲಾಗಲಿಲ್ಲ. 

ದನ ಹಿಡಿಯುವಾಗ ಮೇಲೆ ಹಾಕಿಕೊಳ್ಳುವ ಹಳೆಯ ಚೌಕಡಿ ಅಂಗಿಯೊಂದು ನನ್ನ ಮೈಮೇಲಿತ್ತು. ಗುಂಡಿ ಬಿಚ್ಚಿ ತೆಗೆದೆ. ತೋಳಿಗೆ ಸಗಣಿ ಹತ್ತಿತ್ತು. ತೊಳೆದು ತಂದುಕೊಡುತ್ತೇನೆ ಎಂದರೆ ಅವರು ಕೇಳಲಿಲ್ಲ.

“ಇರ್ಲಿ ಬಿಡ್ರಿ. ಸಗಣಿ ಹತ್ತಿದ್ದ ಛಲೋ ಆತು.”

ಅಂಗಿಯನ್ನು ಸೆರಗಿಗೆ ಹಾಕಿದೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು, ಮಗನನ್ನು ಕರೆದು, ಅವನ ಬೆನ್ನಿಗೆ ಹಿಡಿದು ಅಳತೆ ನೋಡತೊಡಗಿದರು. ಅವನಿಗೆ ಅಷ್ಟು ಹೊತ್ತು ನಿಲ್ಲುವ ತಾಳ್ಮೆ ಎಲ್ಲಿ? ಜಗ್ಗಿಕೊಂಡು ಓಡಿ, ತಾಟು ಎತ್ತಿಕೊಂಡು, ಮೂಗುಬೊಟ್ಟು ಹೊಳೆಯಿಸುತ್ತ ನೇರ ನನ್ನ ಮೇಲೆಯೇ ಬಂದ.

“ಡಾಕ್ಟರ್, ಬಾಜೂ ಸರಿ. ಗಾಡಿ ಬಂತು.”

ನಾನು ಸರಿದು ನಿಂತೆ.